ವಾಣಿ ವಿಲಾಸ ಸನ್ನಿಧಾನ: ದುಃಖದಲ್ಲಿ ಮೂಲೆ ಹಿಡಿಯದ ತಾಯಿ



ಸಮಾಜಕ್ಕೆ ಒಳಿತು ಮಾಡಿ ಹೋದ ಒಬ್ಬರ ಜೀವನವನ್ನು ಪ್ರತಿ ಸಂಚಿಕೆಯಲ್ಲಿ ಸ್ಮರಿಸುವುದು ನಮ್ಮ ಪತ್ರಿಕೆಯ ಪದ್ಧತಿ. ಈ ಸಲ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನ ಅವರ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಅವರು ನಮ್ಮ ಮತದವರಲ್ಲ, ನಮ್ಮ ಸೀಮೆಯ ದೊರೆಗಳೂ ಆಗಿರಲಿಲ್ಲ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವ ತನಕ ಈ ಕಡೆಯವರೆಲ್ಲ ಮದರಾಸಿನ ಆಡಳಿತದಲ್ಲಿದ್ದವರು. ಆದರೂ ಈ ತಾಯಿಯ ಹೆಸರಿಗೂ ನಮಗೂ ನೀರಿನ ನಂಟಿದೆ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿಗೆ ಹಿರಿಯೂರಿನ ಹತ್ತಿರ ಮಾರಿ ಕಣಿವೆಯಲ್ಲಿ ಕಟ್ಟಿದ ಜಲಾಶಯಕ್ಕೆ ವಾಣಿ ವಿಲಾಸ ಸಾಗರವೆಂದು ಹೆಸರು. ಅಲ್ಲಿಂದ ಮುಂದೆ ಹರಿಯುವ ಅದೇ ಹೊಳೆ ಹಗರಿಯೆಂದು ಕರೆಸಿಕೊಂಡು, ಭೈರವಾನಿತಿಪ್ಪದ ಅಣೆಕಟ್ಟನ್ನು ತುಂಬಿ, ರಾಯದುರ್ಗದ ಸೀಮೆಯನ್ನು ಹಾಯ್ದು ಬಳ್ಳಾರಿಯ ಕಡೆಗೆ ಹೋಗುತ್ತದೆ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಬೆಂಗಳೂರಿನಲ್ಲಿ ತಾಯಂದಿರ ಮತ್ತು ಮಕ್ಕಳ ದೊಡ್ಡ ಸರ್ಕಾರಿ ಆಸ್ಪತ್ರೆ ಇವರ ಹೆಸರಿನಲ್ಲಿಯೇ ಇದೆ. ಬಾಣಂತಿಯರ ಮನಸ್ಸಿನ ಆರೈಕೆಯ ಕಾರ್ಯವನ್ನು ನಮ್ಮ ಮಠದ ಅಕ್ಕನ ಬಳಗದವರು ಬೆಳುಗುಪ್ಪ ಮತ್ತು ಸುತ್ತಲ ಹಳ್ಳಿಗಳಲ್ಲಿ ಕೈಗೊಂಡಿರುವುದು ಭಕ್ತರಿಗೆ ತಿಳಿದ ವಿಷಯ. ಆ ಕಾರ್ಯದ ಅಗತ್ಯವೇನು ಎಂದು ಅನೇಕರು ನಮ್ಮನ್ನು ಕೇಳಿದ್ದಾರೆ. ಈ ಮಹಾರಾಣಿಯವರ ಜೀವನದಲ್ಲಿ ಅದಕ್ಕೊಂದು ಉತ್ತರ ನಮಗೆ ಕಂಡಿದೆ.

ಬಾಲ್ಯ ಮತ್ತು ವಿವಾಹ

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ. ಮೈಸೂರು ಅರಸು ಮನೆತನಕ್ಕೆ ತಲೆತಲಾಂತರದಿಂದ ಹೆಣ್ಣು ಕೊಡುತ್ತ, ದಳವಾಯಿಗಳನ್ನೂ ಕೊಟ್ಟ ಕಳಲೆಯ ಅರಸು ಕುಟುಂಬದವರು. ಕಳಲೆ ಎಂಬುದು ನಂಜನಗೂಡಿನ ಬಳಿಯ ಊರು. ಅಂದಿನ ರೂಢಿಯಂತೆ ಚಿಕ್ಕ ವಯಸ್ಸಿನಲ್ಲಿಯೇ, 1878ರಲ್ಲಿ, ಚಾಮರಾಜೇಂದ್ರ ಒಡೆಯರ ಕೈಹಿಡಿದರು. ಆಗ ಮಹಾರಾಜರಿಗೂ ರಾಜ್ಯದ ಅಧಿಕಾರ ಬಂದಿರಲಿಲ್ಲ. ಐವತ್ತು ವರ್ಷಗಳ ಕಾಲ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು, 1881ರ ಮಾರ್ಚ್ 25ರಂದು ಒಡೆಯರ ವಂಶಕ್ಕೆ ಮರಳಿತು. ಹದಿನೈದು ವರ್ಷದ ಹುಡುಗಿ ಅಂದಿನಿಂದ ರಾಜ್ಯದ ಮಹಾರಾಣಿಯಾದರು.

ಅದೇ 1881ರಲ್ಲಿ ಎರಡು ಒಳ್ಳೆಯ ಕೆಲಸಗಳು ಆರಂಭವಾದವು. ಒಂದು, ರೈತರ ಮತ್ತು ವರ್ತಕರ ಅಹವಾಲು ಕೇಳುವ ಪ್ರಜಾಪ್ರತಿನಿಧಿ ಸಭೆ. ಇನ್ನೊಂದು, ಅಂಬಳೆ ನರಸಿಂಹ ಅಯ್ಯಂಗಾರ್ಯರು ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ. ಹೆಣ್ಣು ಓದಿದರೆ ಮನೆ ಕೆಡುತ್ತದೆಂದು ಜನ ನಂಬಿದ್ದ ಕಾಲವದು. ಮಹಾರಾಣಿಯವರ ಪದವಿಯ ಹೆಸರನ್ನೇ ಆ ಶಾಲೆಗೆ ಇಟ್ಟದ್ದರಿಂದ ದೊಡ್ಡ ಮನೆತನದವರು ಧೈರ್ಯ ತಂದುಕೊಂಡು ಮಕ್ಕಳನ್ನು ಕಳಿಸಿದರು. ಅದು ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು.

ಸನ್ನಿಧಾನದವರ ಮಡಿಲಲ್ಲಿ ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು ಬೆಳೆದರು. ಹೆಣ್ಣುಮಕ್ಕಳು ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ ಮತ್ತು ಚೆಲುವಾಜಮ್ಮಣ್ಣಿ. ಹಿರಿಯ ಮಗ ಕೃಷ್ಣರಾಜರು 1884ರ ಜೂನ್ 4ರಂದು, ಕಿರಿಯ ಮಗ ಕಂಠೀರವ ನರಸಿಂಹರಾಜರು 1888ರ ಜೂನ್ 5ರಂದು ಹುಟ್ಟಿದರು. ತಾಯಿ ಇನ್ನೂ ಇಪ್ಪತ್ತೆರಡು ತುಂಬದ ಪ್ರಾಯದಲ್ಲಿ ಮನೆ ತುಂಬ ಮಕ್ಕಳು. ಅರಮನೆಯಾದರೂ ಹೆರಿಗೆಯ ಭಯ ಎಲ್ಲ ಹೆಣ್ಣಿಗೂ ಒಂದೇ ಆಗಿದ್ದ ದಿನಗಳವು. ಹೆರಿಗೆಯಲ್ಲಿ ತಾಯಿ ಹೋಗುವುದು, ಹುಟ್ಟಿದ ಕೂಸು ವರ್ಷ ತುಂಬುವುದರೊಳಗೆ ಹೋಗುವುದು ಬಡವ ಬಲ್ಲಿದನೆನ್ನದೆ ಎಲ್ಲ ಮನೆಗಳಲ್ಲೂ ನಡೆಯುತ್ತಿತ್ತು.

ಬಾಲೆಯರು ತಾಯಂದಿರಾಗುವ ಸಂಕಟವನ್ನು ತಡೆಯಲು ಮೈಸೂರು ಸರ್ಕಾರ 1894ರಲ್ಲಿ ಒಂದು ಕಾಯಿದೆ ಮಾಡಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇಂದಿನ ಲೆಕ್ಕದಲ್ಲಿ ಅದು ಬಹಳ ಚಿಕ್ಕ ಹೆಜ್ಜೆ. ಅಂದಿನ ಹಿಂದುಸ್ತಾನದಲ್ಲಿ ಅಷ್ಟು ಮಾಡುವುದಕ್ಕೂ ಗುಂಡಿಗೆ ಬೇಕಿತ್ತು.

ಇಪ್ಪತ್ತೆಂಟರಲ್ಲಿ ಬಂದ ದುಃಖ

ಅದೇ 1894ರ ಕೊನೆಯಲ್ಲಿ ಮಹಾರಾಜರು ಕಲ್ಕತ್ತೆಗೆ ಹೋಗಿದ್ದರು. ಅಲ್ಲಿ ಡಿಫ್ತೀರಿಯಾ ಎಂಬ ಗಂಟಲಮಾರಿ ಅವರನ್ನು ಹಿಡಿಯಿತು. ಡಿಸೆಂಬರ್ 28ರಂದು, ಮೂವತ್ತೊಂದನೆಯ ವಯಸ್ಸಿಗೇ, ದೂರದ ಊರಿನಲ್ಲಿ ಅವರು ಲಿಂಗೈಕ್ಯರಾದರೆಂದು ನಮ್ಮ ಮಾತಿನಲ್ಲಿ ಹೇಳಬಹುದು. ಮಹಾರಾಣಿಯವರಿಗೆ ಆಗ 28 ವರ್ಷ. ಹಿರಿಯ ಮಗನಿಗೆ ಹತ್ತು, ಕಿರಿಯ ಮಗನಿಗೆ ಆರು.

ಆ ಕಾಲದ ವಿಧವೆಯ ಪಾಡು ಓದುಗರಿಗೆ ಗೊತ್ತಿದೆ. ಕತ್ತಲೆಯ ಕೋಣೆಯೊಂದೇ ಆಕೆಯ ಪ್ರಪಂಚ. ಶುಭಕಾರ್ಯಕ್ಕೆ ಎದುರು ಬರಬಾರದು, ನಾಲ್ಕು ಜನರ ಮಧ್ಯೆ ಕೂರಬಾರದು. ದುಃಖಪಡುವವರನ್ನು ಇನ್ನಷ್ಟು ಒಂಟಿ ಮಾಡುವುದೇ ಸಂಪ್ರದಾಯವೆನಿಸಿಕೊಂಡಿತ್ತು. ಎಳೆಯ ವಯಸ್ಸಿನ ರಾಣಿ ಹಾಗೆ ಮೂಲೆ ಹಿಡಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಐವರು ಮಕ್ಕಳ ಗತಿ ಮಾತ್ರ ಏನಾಗುತ್ತಿತ್ತೋ ಶಿವನೇ ಬಲ್ಲ.

ಹಾಗೆ ಆಗಲಿಲ್ಲ. 1895ರ ಫೆಬ್ರವರಿ 1ರಂದು ಹತ್ತು ವರ್ಷದ ಕೃಷ್ಣರಾಜರನ್ನು ಸಿಂಹಾಸನದ ಮೇಲೆ ಕೂರಿಸಲಾಯಿತು. ಮಗ ಪ್ರಾಪ್ತ ವಯಸ್ಕನಾಗುವವರೆಗೆ ತಾಯಿಯೇ ರಾಜ್ಯವನ್ನು ನಡೆಸಬೇಕೆಂದು ಗೊತ್ತಾಯಿತು. ಅಂದಿನಿಂದ 1902ರ ಆಗಸ್ಟ್ 8ರವರೆಗೆ ಏಳೂವರೆ ವರ್ಷಕಾಲ ಅವರು ರೀಜೆಂಟರಾಗಿ ಮೈಸೂರನ್ನು ಆಳಿದರು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಧೈರ್ಯವಂತೆಯಾದ ಹೆಣ್ಣು ಒಬ್ಬಳೇ ನಿಂತು ಎಲ್ಲವನ್ನೂ ಗೆದ್ದಳೆಂದು ಇಂತಹ ಕಥೆಗಳನ್ನು ಹೇಳುವ ರೂಢಿಯಿದೆ. ಕೇಳಲು ಅದು ಚೆನ್ನ. ಆದರೆ ನಿಜ ಬೇರೆ. ಸನ್ನಿಧಾನದವರ ಸುತ್ತ ಜನರಿದ್ದರು. ಹನ್ನೊಂದು ವರ್ಷಗಳಿಂದ ದಿವಾನರಾಗಿ ರಾಜ್ಯದ ಮೂಲೆಮೂಲೆಯನ್ನು ಬಲ್ಲ ಶೇಷಾದ್ರಿ ಅಯ್ಯರ್ ಇದ್ದರು. ಅವರೊಂದಿಗೆ ಮಂತ್ರಿಗಳ ಸಭೆಯಿತ್ತು. ಮನೆಯೊಳಗೆ ತಮ್ಮಂದಿರಂತಹ ಆಪ್ತರು ಇದ್ದರು. ಮುಂದೆ ರಾಜ್ಯದ ದಿವಾನರೂ ಆದ ಸರದಾರ್ ಕಾಂತರಾಜೇ ಅರಸರು ಇವರ ಒಡಹುಟ್ಟಿದವರು. ಮಗನ ವಿದ್ಯಾಭ್ಯಾಸಕ್ಕೆ 1896ರಿಂದ ಸ್ಟುವರ್ಟ್ ಫ್ರೇಸರ್ ಎಂಬ ಗುರುಗಳು ನೇಮಕವಾದರು. ಮಗುವಿನ ಹೊಣೆಯಲ್ಲಿ, ಮನೆಯ ಹೊಣೆಯಲ್ಲಿ, ರಾಜ್ಯದ ಹೊಣೆಯಲ್ಲಿ ಪಾಲು ಹೊರುವವರು ಇದ್ದುದರಿಂದಲೇ ಆ ತಾಯಿ ಎದ್ದು ನಿಲ್ಲಲು ಸಾಧ್ಯವಾಯಿತು. ಅವರ ಹಿರಿಮೆ ಇರುವುದು ಆ ನೆರವನ್ನು ಸ್ವೀಕರಿಸಿದ್ದರಲ್ಲಿ, ಹಾಗೂ ಸ್ವೀಕರಿಸಿದ್ದನ್ನು ಸಾವಿರ ಪಾಲು ಮಾಡಿ ಪ್ರಜೆಗಳಿಗೆ ಹಿಂದಿರುಗಿಸಿದ್ದರಲ್ಲಿ.

ಬೆಂಕಿ, ಪ್ಲೇಗು ಮತ್ತು ಕೆಲಸ

ಆಳ್ವಿಕೆಯ ದಿನಗಳು ಸುಲಭದವಾಗಿರಲಿಲ್ಲ. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಮೈಸೂರಿನ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮದುವೆಯ ಮನೆ ಬೂದಿಯಾದರೂ ತಾಯಿ ಎದೆಗುಂದಲಿಲ್ಲ. ಅದೇ ವರ್ಷ ಹೊಸ ಅರಮನೆಯ ಕೆಲಸ ಹಿಡಿಸಿದರು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಎದ್ದ ಆ ಕಟ್ಟಡ 1912ರಲ್ಲಿ ಮುಗಿಯಿತು. ಇಂದು ದಸರೆಯಲ್ಲಿ ನಾವು ನೋಡಿ ಬೆರಗಾಗುವ ಅರಮನೆ ಅದೇ.

ಅರಮನೆಗೆ ಮೊದಲೇ ಆಸ್ಪತ್ರೆ ಮುಗಿಯಿತೆಂಬುದನ್ನು ಮಾತ್ರ ಮರೆಯಬಾರದು. 1897ರಲ್ಲಿ ಬೆಂಗಳೂರಿನ ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆಗೆ ಸನ್ನಿಧಾನದವರು ಅಡಿಗಲ್ಲು ಇಟ್ಟರು. ಮರುವರ್ಷ, 1898ರ ಆಗಸ್ಟ್‌ನಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಹೆಣ ಹೊರುವವರೂ ಸಿಗದ ದಿನಗಳು. ಆ ಸಂಕಟದಲ್ಲಿ ಸರ್ಕಾರ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿತು. ಅಗಲವಾದ ಬೀದಿ, ಗಾಳಿ ಬೆಳಕಿನ ಮನೆ ಎಂಬುದು ಅಲ್ಲಿಂದ ಊರಿನ ಲಕ್ಷಣವಾಯಿತು. ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ವೈಸರಾಯ್ ಕರ್ಜನ್ ಅವರಿಂದ ಆರಂಭವಾಗಿ ಇಂದಿಗೂ ಬಡವರ ಪಾಲಿನ ದೊಡ್ಡಾಸ್ಪತ್ರೆಯಾಗಿ ನಿಂತಿದೆ. ಗಡಿ ದಾಟಿ ಬೆಂಗಳೂರಿಗೆ ಚಿಕಿತ್ಸೆಗೆ ಹೋಗುವ ನಮ್ಮ ಸೀಮೆಯವರಲ್ಲಿ ಅದನ್ನು ನೋಡದವರು ಕಡಿಮೆ.

ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರ ಜೂನ್‌ನಲ್ಲಿ, ಇವರ ಆಳ್ವಿಕೆ ಮುಗಿಯಲು ಒಂದು ತಿಂಗಳಷ್ಟೆ ಇದ್ದಾಗ. ಮಾರಿ ಕಣಿವೆಯ ಕಾಮಗಾರಿ ಕೈಗೆತ್ತಿಕೊಂಡದ್ದು ಇವರ ಕಾಲದಲ್ಲಿಯೇ. ಅದು ಮುಗಿದದ್ದು 1907ರಲ್ಲಿ. ಸುಮಾರು 30 ಟಿಎಂಸಿ ನೀರು ಹಿಡಿಯುವ ಆ ಜಲಾಶಯ 1933ರಲ್ಲೊಮ್ಮೆ ತುಂಬಿ, ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ತುಂಬದಿದ್ದ ಅಷ್ಟೂ ವರ್ಷ ಅದು ಹಿರಿಯೂರಿನ ತೋಟಗಳಿಗೆ, ಚಿತ್ರದುರ್ಗದ ಕುಡಿಯುವ ನೀರಿಗೆ ಆಸರೆಯಾಗಿಯೇ ಇತ್ತು. ಒಳ್ಳೆಯ ಕೆಲಸದ ಫಲ ಮಾಡಿದವರ ಆಯುಸ್ಸನ್ನು ದಾಟಿ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಗನಿಗೆ ರಾಜ್ಯ ಒಪ್ಪಿಸಿದ ಮೇಲೆ

1902ರಲ್ಲಿ ಹದಿನೆಂಟು ತುಂಬಿದ ಕೃಷ್ಣರಾಜರಿಗೆ ಅಧಿಕಾರ ಒಪ್ಪಿಸಿ ಸನ್ನಿಧಾನದವರು ಹಿಂದೆ ಸರಿದರು. ಏಳೂವರೆ ವರ್ಷ ಆಳಿದವರಿಗೆ ಅಧಿಕಾರ ಬಿಡುವುದು ಕಷ್ಟ. ಹೆತ್ತವರು ಬೀಗದ ಕೈಯನ್ನು ಮಕ್ಕಳಿಗೆ ಕೊಡದೆ ಕೆಟ್ಟ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಈ ತಾಯಿ ಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜರ್ಷಿಗಳೆಂದು ಲೋಕದ ಬಾಯಲ್ಲಿ ಕರೆಸಿಕೊಂಡದ್ದಕ್ಕೆ ತಾಯಿಯ ಸಂಸ್ಕಾರವೂ ಕಾರಣವೆಂದು ತಿಳಿದವರೆಲ್ಲ ಒಪ್ಪುತ್ತಾರೆ.

ದುಃಖ ಅವರನ್ನು ಮತ್ತೊಮ್ಮೆ ಹುಡುಕಿಕೊಂಡು ಬಂತು. ಎರಡನೆಯ ಮಗಳು ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ತುತ್ತಾದರು. ಆಕೆಯ ಹೆಣ್ಣುಮಕ್ಕಳನ್ನೂ ಅದೇ ರೋಗ ಕೊಂಡೊಯ್ದಿತು. ಆಗ ಕ್ಷಯಕ್ಕೆ ಔಷಧಿಯಿರಲಿಲ್ಲ, ಅರಮನೆಯ ಐಶ್ವರ್ಯ ಆ ರೋಗದ ಮುಂದೆ ನಡೆಯಲಿಲ್ಲ. 1921ರಲ್ಲಿ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ತೆರೆಯಿತು. ಮನೆಯಲ್ಲಿ ಆದ ನೋವು ಊರಿಗೆ ಆಗದಿರಲಿ ಎಂಬುದು ಆ ಮನೆತನದ ನಡೆಯಾಗಿತ್ತು.

ಸನ್ನಿಧಾನದವರು 1934ರಲ್ಲಿ ಕಾಲವಾದರು. ಮರುವರ್ಷ, 1935ರಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿಯೇ ಹೆಂಗಸರ ಮತ್ತು ಮಕ್ಕಳ ವಾಣಿ ವಿಲಾಸ ಆಸ್ಪತ್ರೆ ಆರಂಭವಾಯಿತು. ಅಂದಿನಿಂದ ಅಲ್ಲಿ ಕಣ್ಣು ತೆರೆದ ಕೂಸುಗಳಿಗೆ ಲೆಕ್ಕವಿಲ್ಲ. 2022ರಲ್ಲಿ ಅದೇ ಆಸ್ಪತ್ರೆಯಲ್ಲಿ ಅಮೃತಧಾರೆ ಎಂಬ ಎದೆಹಾಲಿನ ಭಂಡಾರವೂ ಸ್ಥಾಪನೆಯಾಯಿತು. ಹಾಲು ಹೆಚ್ಚಿರುವ ತಾಯಿ ಕೊಟ್ಟದ್ದನ್ನು ಹಾಲಿಲ್ಲದ ತಾಯಿಯ ಮಗುವಿಗೆ ಕುಡಿಸುವ ಏರ್ಪಾಡಿದು. ದಾಸೋಹವೆಂದರೆ ಇದಕ್ಕಿಂತ ಬೇರೆ ಯಾವುದು?

ಉಳಿದ ಕೆಲಸ

ಅಂದು ತಾಯಂದಿರ ಜೀವವನ್ನು ಉಳಿಸುವುದೇ ದೊಡ್ಡ ಕೆಲಸವಾಗಿತ್ತು. ಇಂದು ನಮ್ಮ ಹಳ್ಳಿಗಳಲ್ಲಿಯೂ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಆಂಬುಲೆನ್ಸ್ ಬರುತ್ತದೆ. ಜೀವ ಉಳಿದ ಮೇಲೆ ಮನಸ್ಸಿನ ಮಾತು. ಅದನ್ನು ಮಾತ್ರ ಇನ್ನೂ ಯಾರೂ ಕೇಳುತ್ತಿಲ್ಲ.

ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಹೊಯ್ದಾಡುವುದು ಬಹಳ ಮಂದಿಗೆ ಉಂಟು. ಅದು ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದೆ ನಿಂತರೆ ಅದು ಖಿನ್ನತೆ ಎಂಬ ಕಾಯಿಲೆ. ನಿದ್ದೆ ಬಾರದು, ಊಟ ಸೇರದು, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದು, ತಾನು ಕೆಟ್ಟ ತಾಯಿಯೆಂಬ ಕೊರಗು ಬಿಡದು, ಬದುಕು ಬೇಡವೆನಿಸುವುದೂ ಉಂಟು. ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2017ರಲ್ಲಿ ಹಾಕಿದ ಲೆಕ್ಕದಂತೆ ಐವರು ಬಾಣಂತಿಯರಲ್ಲಿ ಸುಮಾರು ಒಬ್ಬರಿಗೆ ಇದು ತಗಲುತ್ತದೆ. ಇದಕ್ಕಿಂತ ಉಗ್ರವಾದ ಇನ್ನೊಂದಿದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಅದನ್ನೇ. ಇಲ್ಲದ ದನಿ ಕೇಳುವುದು, ಮಗುವಿನ ಮೇಲೆ ಸಂಶಯ ಬರುವುದು, ರಾತ್ರಿಯೆಲ್ಲ ಎದ್ದು ತಿರುಗುವುದು ಅದರ ಲಕ್ಷಣ. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುವ ಈ ಸ್ಥಿತಿಯಲ್ಲಿ ಒಂದು ದಿನವನ್ನೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಫ್ರಾನ್ಸ್ ದೇಶದ ಮಾರ್ಸೆ ಎಂಬ ವೈದ್ಯರು ಬಸುರಿ ಬಾಣಂತಿಯರ ಮನೋರೋಗದ ಬಗ್ಗೆ 1858ರಲ್ಲಿಯೇ ಗ್ರಂಥ ಬರೆದಿದ್ದರು. ನಮ್ಮ ಸೀಮೆಯಲ್ಲಿ ಇಂದಿಗೂ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿ ದಿನ ಕಳೆಯುವವರಿದ್ದಾರೆ. ತಾಯಿತ ಕಟ್ಟುವವರನ್ನು ನಾವು ಜರೆಯುವುದಿಲ್ಲ. ಅದಕ್ಕಾಗಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ ಎನ್ನುತ್ತೇವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ 2009ರಲ್ಲಿ ಆರಂಭವಾಯಿತು. ಅದು ದೇಶದಲ್ಲಿಯೇ ಮೊದಲನೆಯದು. ವಾಣಿ ವಿಲಾಸ ಆಸ್ಪತ್ರೆ ತೆರೆದ ಮೇಲೆ ತಾಯಿಯ ಮನಸ್ಸಿಗೆಂದೇ ಒಂದು ವಾರ್ಡು ಬರಲು 74 ವರ್ಷ ಹಿಡಿಯಿತು. ನಮ್ಮ ಹಳ್ಳಿಗೆ ಅದು ಬರಲು ಇನ್ನೆಷ್ಟು ವರ್ಷವೆಂದು ಕಾಯುತ್ತ ಕೂರುವುದು ಸರಿಯಲ್ಲ.

ಸೂತಕವಿಲ್ಲದ ಧರ್ಮ, ಒಂಟಿಯಾದ ಬಾಣಂತಿ

ಬಸವಾದಿ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು. ಜನನ ಸೂತಕ ಅವುಗಳಲ್ಲಿ ಮೊದಲನೆಯದು. ಲಿಂಗವಿದ್ದ ಅಂಗಕ್ಕೆ ಮೈಲಿಗೆಯಿಲ್ಲ. ಹೆತ್ತ ತಾಯಿಯನ್ನು ಮುಟ್ಟಬಾರದು, ಅವಳಿರುವ ಕೋಣೆಗೆ ಹೋಗಬಾರದು ಎಂಬ ಕಟ್ಟಳೆ ನಮ್ಮ ಧರ್ಮದಲ್ಲಿಲ್ಲ. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡಲು ಗುರುವೇ ಬಾಣಂತಿಯ ಮನೆಗೆ ಬರುವುದು ಇದಕ್ಕೆ ಸಾಕ್ಷಿ. ಇಷ್ಟು ದೊಡ್ಡ ವಿಚಾರವನ್ನು ಪಡೆದ ನಾವು ಮನೆಯಲ್ಲಿ ಮಾಡುತ್ತಿರುವುದೇನು? ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ, ಬಾಣಂತಿ ಖಾರ ತಿನ್ನಿಸಿ, ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ದೇಹವನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ. ಬಂದವರೆಲ್ಲ ತೊಟ್ಟಿಲಲ್ಲಿ ಇಣುಕಿ ಮಗುವಿಗೆ ದೃಷ್ಟಿ ತೆಗೆದು ಹೋಗುತ್ತಾರೆ. ತಾಯಿಗೆ ಹೇಗಿದ್ದೀಯೆಂದು ಕೇಳುವವರು ಎಷ್ಟು ಮಂದಿ? ಹೆಣ್ಣುಕೂಸು ಹುಟ್ಟಿದ ಮನೆಯಲ್ಲಿ ಆ ಒಂದು ಮಾತೂ ಇರುವುದಿಲ್ಲ. ತೌರಿನಲ್ಲಿರುವಷ್ಟು ದಿನ ಹೇಗೋ ನಡೆಯುತ್ತದೆ. ಅತ್ತೆಯ ಮನೆಗೆ ಬಂದ ಮೇಲೆ, ಗಂಡ ದುಡಿಯಲು ಬೆಂಗಳೂರಿಗೋ ಬಳ್ಳಾರಿಗೋ ಹೋದ ಮೇಲೆ, ನಿದ್ದೆಗೆಟ್ಟ ಹುಡುಗಿ ನಾಲ್ಕು ಗೋಡೆಯ ನಡುವೆ ಉಳಿಯುತ್ತಾಳೆ.

ಮಹಾರಾಣಿಗೆ ದುಃಖ ಬಂದಾಗ ಪಾಲು ಹೊರಲು ದಿವಾನರಿದ್ದರು, ಒಡಹುಟ್ಟಿದವರಿದ್ದರು. ನಮ್ಮ ಹಳ್ಳಿಯ ಬಾಣಂತಿಗೆ ಯಾರಿದ್ದಾರೆ? ಅಕ್ಕನ ಬಳಗದ ಕಾರ್ಯ ಹುಟ್ಟಿದ್ದು ಈ ಪ್ರಶ್ನೆಯಿಂದ.

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲವೆಂಬುದಕ್ಕೆ ಪ್ರಮಾಣವಿದೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಯರಿಗೇ ಸ್ವಲ್ಪ ತರಬೇತಿ ಕೊಟ್ಟು, ಖಿನ್ನತೆಯಿದ್ದ ತಾಯಂದಿರ ಮನೆಗಳಿಗೆ ಮತ್ತೆ ಮತ್ತೆ ಕಳಿಸಿ ಮಾತನಾಡಿಸಿದರು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಆರು ತಿಂಗಳ ಮೇಲೆ ಅಂತಹ ಆರೈಕೆ ಸಿಕ್ಕವರಲ್ಲಿ ನೂರಕ್ಕೆ 23 ಮಂದಿಯಲ್ಲಿ ಮಾತ್ರ ಕಾಯಿಲೆ ಉಳಿದಿತ್ತು. ಸಿಗದವರಲ್ಲಿ 53 ಮಂದಿಯಲ್ಲಿ ಉಳಿದಿತ್ತು. ಅಷ್ಟು ದೂರ ಏಕೆ, ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಬಿಡಿಗಾಸು ಪಡೆಯದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೆರುವವಳ ಬೆನ್ನು ಸವರುತ್ತ ಹತ್ತಿರ ಕೂರುವ ಅಂತಹ ಅಜ್ಜಿಯರು ಪ್ರತಿ ಊರಿನಲ್ಲೂ ಇದ್ದರು. ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು. ಹತ್ತಿರ ಕೂರುವ ಜೀವವನ್ನು ಮಾತ್ರ ನಾವು ಕಳೆದುಕೊಂಡೆವು. ಆ ಸ್ಥಳವನ್ನು ಮತ್ತೆ ತುಂಬಬೇಕಾಗಿದೆ.

ನಡೆಸುವ ಬಗೆ

ಶುಭೋದ್ದೇಶದಿಂದ ಹುಟ್ಟಿದ ಎಷ್ಟೋ ಸೇವಾಕಾರ್ಯಗಳು ಉದ್ಘಾಟನೆಯ ಮರುದಿನವೇ ಒಣಗುವುದನ್ನು ನಾವು ಕಂಡಿದ್ದೇವೆ. ಕರುಣೆಯೊಂದಿಗೆ ಕ್ರಮವೂ ಬೇಕು. ಸನ್ನಿಧಾನದವರ ಆಳ್ವಿಕೆಯಿಂದ ಕಲಿಯಬೇಕಾದ ಪಾಠವೂ ಅದೇ. ಅವರು ಆರಂಭಿಸಿದ್ದನ್ನು ಬೇರೆಯವರು ಮುಗಿಸುವಂತೆ ಏರ್ಪಾಡು ಮಾಡಿದರು. ಆದ್ದರಿಂದ ಬಳಗದ ನಿಯಮಗಳನ್ನು ಭಕ್ತರ ಗಮನಕ್ಕೆ ತರುತ್ತೇವೆ.

ಮನೆಗೆ ಹೋಗುವಾಗ ಇಬ್ಬರು ಹೋಗಬೇಕು. ಒಬ್ಬರು ಹಿರಿಯರು, ಒಬ್ಬರು ಬಾಣಂತಿಯ ವಾರಿಗೆಯವರು. ಹಿರಿಯರು ಅತ್ತೆಯೊಂದಿಗೆ ಮಾತಿಗೆ ಕೂರುವುದು, ಕಿರಿಯರು ಬಾಣಂತಿಯ ಬಳಿ ಕೂರುವುದು. ಅತ್ತೆಯ ಮನಸ್ಸು ಗೆಲ್ಲದೆ ಸೊಸೆಯ ಕೋಣೆಯ ಬಾಗಿಲು ತೆರೆಯುವುದಿಲ್ಲ. ಅತ್ತೆಯೂ ಒಂದು ಕಾಲದಲ್ಲಿ ಯಾರೂ ಕೇಳದ ಬಾಣಂತಿಯೇ ಆಗಿದ್ದವಳು. ತನ್ನ ಕಥೆ ಹೇಳಿಕೊಳ್ಳಲು ಅವಕಾಶ ಸಿಕ್ಕರೆ ಅವಳೇ ಮೊದಲ ಸಹಾಯಕಿಯಾಗುತ್ತಾಳೆ.

ಮಗುವನ್ನು ನೋಡುವ ಮೊದಲು ತಾಯಿಯನ್ನು ಮಾತನಾಡಿಸಬೇಕು. ನಿದ್ದೆ, ಊಟ, ಅಳು, ಮಗುವಿನ ಮೇಲಿನ ಮನಸ್ಸು, ಬದುಕಿನ ಮೇಲಿನ ಮನಸ್ಸು ಈ ಐದನ್ನು ಮೆಲ್ಲಗೆ ವಿಚಾರಿಸಬೇಕು. ಬುದ್ಧಿ ಹೇಳಬಾರದು, ಬೇರೆ ಬಾಣಂತಿಯರೊಂದಿಗೆ ಹೋಲಿಸಬಾರದು. ತೆಲುಗು ಆಡುವ ಮನೆಯಲ್ಲಿ ತೆಲುಗಿನಲ್ಲಿಯೇ ಮಾತನಾಡಬೇಕು. ಜಾತಿ ಮತ ನೋಡದೆ ಕರೆದ ಮನೆಗೆಲ್ಲ ಹೋಗಬೇಕು.

ಮನೆಯಲ್ಲಿ ಕೇಳಿದ್ದು ಬಾವಿಕಟ್ಟೆಗೆ ಬರಬಾರದು. ಬಳಗದ ಪುಸ್ತಕದಲ್ಲಿ ಹೋದ ದಿನಾಂಕ ಮತ್ತು ಮುಂದೆ ಹೋಗಬೇಕಾದ ದಿನಾಂಕ ಮಾತ್ರ ಇರುತ್ತದೆ, ಮನೆಯ ಗುಟ್ಟು ಇರುವುದಿಲ್ಲ. ಈ ನಿಯಮ ಮುರಿದವರನ್ನು ಆ ಕಾರ್ಯದಿಂದ ಬಿಡಿಸಲಾಗುವುದು.

ಎರಡು ವಾರ ದಾಟಿದರೂ ಮನಸ್ಸು ತಿಳಿಯಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಲು ಜೊತೆಗೆ ಹೋಗಬೇಕು. ಔಷಧಿ ಬೇಕೇ ಬೇಡವೇ, ಎದೆಹಾಲು ಮುಂದುವರಿಸುವುದು ಹೇಗೆ ಎಂಬುದನ್ನು ವೈದ್ಯರೇ ಹೇಳಬೇಕು, ಬಳಗದವರಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉತ್ತರ ಸಿಗುತ್ತದೆ. ಬಾಣಂತಿ ತನಗೋ ಮಗುವಿಗೋ ಅಪಾಯ ಮಾಡಿಕೊಳ್ಳುವ ಸೂಚನೆ ಕಂಡರೆ ಒಬ್ಬಳನ್ನೇ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ವಾಹನದ ಖರ್ಚು ಮನೆಯವರ ಕೈಲಾಗದಿದ್ದರೆ ಮಠದಿಂದ ಕೊಡಲಾಗುವುದು.

ಹಣದ ಮಾತು ಕೊನೆಯದು. ಈ ಕಾರ್ಯಕ್ಕೆ ಕಟ್ಟಡ ಬೇಡ, ಸಂಬಳದ ಸಿಬ್ಬಂದಿ ಬೇಡ. ಓಡಾಟದ ಖರ್ಚು, ಆಸ್ಪತ್ರೆಯ ವಾಹನದ ಖರ್ಚು ಇಷ್ಟೇ. ಇದರ ಜಮಾ ಖರ್ಚನ್ನು ದಾಸೋಹದ ಲೆಕ್ಕದಲ್ಲಿ ಸೇರಿಸದೆ ಬೇರೆಯಾಗಿಯೇ ಬರೆದಿಡುತ್ತಿದ್ದೇವೆ. ಯಾವ ಭಕ್ತರು ಬೇಕಾದರೂ ಕಚೇರಿಯಲ್ಲಿ ಪುಸ್ತಕ ತೆಗೆಸಿ ನೋಡಬಹುದು. ನಮಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಬಲ್ಲ ತಾಯಂದಿರು. ಬೆಳುಗುಪ್ಪದ ಸುತ್ತಲಲ್ಲಿ ಕೆಲಸ ನಡೆದಿದೆ. ರಾಯದುರ್ಗದ ಕಡೆಯ ಹಳ್ಳಿಗಳಿಗೂ, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಕಡೆಗೂ ಇದನ್ನು ವಿಸ್ತರಿಸಬೇಕೆಂಬುದು ಪೂಜ್ಯ ಬುದ್ಧಿಯವರ ಅಪ್ಪಣೆ. ಅಲ್ಲಿಯ ಭಕ್ತರು ತಮ್ಮ ಊರಿನಿಂದ ಇಬ್ಬರಂತೆ ಹೆಸರು ಕೊಟ್ಟರೆ ಸಾಕು.

ಗಂಡಸರಿಗೂ ಒಂದು ಮಾತು. ಮನೆಯಲ್ಲಿ ಬಾಣಂತಿಯಿದ್ದರೆ ರಾತ್ರಿ ಒಂದು ಜಾವ ಕೂಸನ್ನು ನೀವು ತೂಗಿ, ಅವಳು ಮಲಗಲಿ. ದೂರದ ಊರಿನಲ್ಲಿ ದುಡಿಯುವವರು ಫೋನು ಮಾಡಿದಾಗ ಮೊದಲು ಮಗುವಿನ ತಾಯಿಯನ್ನು ಕೇಳಿ, ಆಮೇಲೆ ಮಗುವನ್ನು ಕೇಳಿ. ಅದಕ್ಕೆ ಖರ್ಚಿಲ್ಲ.

ಮಹಾರಾಣಿಯವರು ಹೋಗಿ ತೊಂಬತ್ತು ವರ್ಷ ದಾಟಿತು. ಅವರ ಹೆಸರಿನ ಕೆರೆಯಲ್ಲಿ ನೀರಿದೆ, ಅವರ ಹೆಸರಿನ ಆಸ್ಪತ್ರೆಯಲ್ಲಿ ಇಂದು ಬೆಳಿಗ್ಗೆಯೂ ಕೂಸು ಹುಟ್ಟಿದೆ. ನಮ್ಮ ಊರುಗಳಲ್ಲಿಯೂ ಹುಟ್ಟಿರಬಹುದು. ಆ ಮನೆಗೆ ಹೋದಾಗ ತೊಟ್ಟಿಲಿಗೆ ಕೈಹಾಕುವ ಮೊದಲು ತಾಯಿಯ ಬಳಿ ಒಂದು ಗಳಿಗೆ ಕೂರಿರೆಂದು ಪ್ರಾರ್ಥಿಸುತ್ತೇವೆ.

ಶ್ರೀಗುರುವಿನ ಕೃಪೆ ಎಲ್ಲ ತಾಯಿಮಕ್ಕಳ ಮೇಲಿರಲಿ. ಶರಣು.

ಕಾರ್ಯದರ್ಶಿ, ಶ್ರೀಮಠ